ಅತಿವಾಹಕ ಪಿಂಗಾಣಿಯ ಪೇಟೆಂಟು ವ್ಯಾಜ್ಯ: ವಸ್ತುವಿನ ಹಕ್ಕು, ವಿಧಾನದ ಹಕ್ಕು

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಕಾರವಾರ, ಅಂಕೋಲೆಗಳ ಕರಾವಳಿಯ ಜನರಿಗೆ ಉಪ್ಪನ್ನು ಮಾಡುವ ಬಗೆ ತಿಳಿಯದುದೇನೂ ಆಗಿರಲಿಲ್ಲ. ಮಾಡುವ ಹಕ್ಕು ಮಾತ್ರ ಸರಕಾರದ ವಶದಲ್ಲಿತ್ತು. ಪೇಟೆಂಟಿನ ಏಕಸ್ವಾಮ್ಯವು ಇದಕ್ಕಿಂತ ಭಿನ್ನವಾದುದು. ಅದು ಹೊಸ ಶೋಧಕ್ಕೆ ಮಾತ್ರ, ಮಿತವಾದ ಅವಧಿಗೆ ಸಲ್ಲುವುದು. ಪ್ರತಿಯಾಗಿ ಶೋಧಕನು ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಬೇಕು. ಆದರೂ ಮೂಲಪ್ರಶ್ನೆ ಒಂದೇ: ಹಲವರು ಮಾಡಬಲ್ಲ ವಸ್ತುವಿನ ಹಕ್ಕು ಯಾರದು?

ಈ ಪ್ರಶ್ನೆ ಅತಿವಾಹಕ ಪಿಂಗಾಣಿಗಳ ಇತಿಹಾಸದಲ್ಲಿ ತೀವ್ರವಾಗಿ ಎದ್ದಿತು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರರು ತಾಮ್ರದ ಆಕ್ಸೈಡೊಂದರಲ್ಲಿ ಸುಮಾರು 30 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು ಕಂಡರು. 1987ರ ಆರಂಭದಲ್ಲಿ ವೂ, ಚು ಮತ್ತು ಸಂಗಡಿಗರು ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಿ ಅದನ್ನು 93 ಕೆಲ್ವಿನ್‌ಗೆ ಏರಿಸಿದರು. 77 ಕೆಲ್ವಿನ್‌ನಲ್ಲಿ ಕುದಿಯುವ ಅಗ್ಗದ ದ್ರವ ಸಾರಜನಕವೇ ಇದನ್ನು ತಣಿಸಲು ಸಾಕಾಯಿತು.

ತಯಾರಿಕೆಯಾದರೋ ಸರಳ: ಪುಡಿಗಳನ್ನು ಅರೆದು ಬೆರೆಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ ಸುಟ್ಟು, ಆಮ್ಲಜನಕದಲ್ಲಿ ಮೆಲ್ಲನೆ ಆರಿಸಬೇಕು. ಆದುದರಿಂದ ಕೆಲವೇ ವಾರಗಳಲ್ಲಿ ಅನೇಕ ಪ್ರಯೋಗಶಾಲೆಗಳು ಇಟ್ರಿಯಂ, ಬೇರಿಯಂ, ತಾಮ್ರಗಳ 1:2:3 ಪ್ರಮಾಣದ ಘಟಕವನ್ನು ಗುರುತಿಸಿದವು. ಬೆಂಗಳೂರಿನ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರೂ ಅದೇ ವರ್ಷ ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಮೆರಿಕದಲ್ಲಿ ಅಂದು ಮೊದಲು ಅರ್ಜಿಯಿತ್ತವನಿಗಲ್ಲ, ಮೊದಲು ಶೋಧಿಸಿದವನಿಗೆ ಹಕ್ಕು ಸಲ್ಲುತ್ತಿತ್ತು. ಬೆಲ್ ಪ್ರಯೋಗಶಾಲೆ, ಐಬಿಎಂ, ಹ್ಯೂಸ್ಟನ್ ವಿಶ್ವವಿದ್ಯಾಲಯ, ನೌಕಾ ಸಂಶೋಧನಾಲಯಗಳ ನಡುವಣ ವಾದದಲ್ಲಿ ದಿನಾಂಕವುಳ್ಳ ಟಿಪ್ಪಣಿ ಪುಸ್ತಕಗಳೇ ಸಾಕ್ಷಿಯಾದವು. ಕೊನೆಗೆ 2003ರಲ್ಲಿ, ಎಂದರೆ 16 ವರ್ಷಗಳ ಬಳಿಕ, ಬೆಲ್ ಪ್ರಯೋಗಶಾಲೆಯ ಒಡೆತನ ಹೊಂದಿದ್ದ ಲೂಸೆಂಟ್ ಸಂಸ್ಥೆಗೆ ಪೇಟೆಂಟು ದೊರೆಯಿತು. ಆ ಹಳೆಯ ನಿಯಮ 2013ರಲ್ಲಿ ಬದಲಾಯಿತು.

ನಮ್ಮ ದೇಶದ ದೃಷ್ಟಿ ಬೇರೆಯಾಗಿತ್ತು. ರಾಜಗೋಪಾಲ ಅಯ್ಯಂಗಾರರ 1959ರ ವರದಿಯನ್ನು ಆಧರಿಸಿದ 1970ರ ಪೇಟೆಂಟು ಕಾಯಿದೆಯಲ್ಲಿ ರಾಸಾಯನಿಕ ಪ್ರಕ್ರಿಯೆಯಿಂದ ಸಿದ್ಧವಾದ ವಸ್ತುವಿಗೆ ಪೇಟೆಂಟು ಇರಲಿಲ್ಲ, ಅದರ ವಿಧಾನಕ್ಕೆ ಮಾತ್ರ ಇತ್ತು. ಆದುದರಿಂದ ಅದೇ ವಸ್ತುವನ್ನು ಬೇರೆ ದಾರಿಯಿಂದ ಪಡೆದವನು ದೋಷಿಯಾಗುತ್ತಿರಲಿಲ್ಲ. 2005ರ ತಿದ್ದುಪಡಿಯಿಂದ ಈ ಭೇದ ಅಳಿಯಿತು.

ವಸ್ತುವಿನ ಹಕ್ಕು ಶೋಧಕನಿಗೆ ಪೂರ್ಣ ರಕ್ಷಣೆಯನ್ನು ಕೊಡುವುದು. ವಿಧಾನದ ಹಕ್ಕು ಇತರರಿಗೆ ಹೊಸ ದಾರಿ ಹುಡುಕುವ ಅವಕಾಶವನ್ನು ಉಳಿಸುವುದು. ಇವೆರಡನ್ನೂ ತೂಗಿ ನೋಡುವಾಗ, ಹಕ್ಕನ್ನು ಕೊಡುವ ಕಾಯಿದೆಯೂ ನ್ಯಾಯದ ಪರೀಕ್ಷೆಗೆ ಒಳಪಟ್ಟದ್ದೆಂಬ ಅಂಕೋಲೆಯ ಪಾಠವನ್ನು ನಾವು ಮರೆಯಲಾಗದು.