ಅರ್ಧಕ್ಕೆ ಬಿಟ್ಟ ಓದಿಗೆ ಮತ್ತೊಂದು ಬಾಗಿಲು

ಎರಡನೇ ಮಹಾಯುದ್ಧಕ್ಕೆ ಹೋದ ಅಮೆರಿಕದ ಯುವಕರಲ್ಲಿ ಹೈಸ್ಕೂಲು ಮುಗಿಸದವರು ಅನೇಕ. ಮರಳಿ ಬಂದವರನ್ನು ಹುಡುಗರ ಬೆಂಚಿನಲ್ಲಿ ಕೂರಿಸುವುದು ಹೇಗೆ? ಅದಕ್ಕೆಂದೇ 1942ರಲ್ಲಿ ಜಿ.ಇ.ಡಿ. ಪರೀಕ್ಷೆ ಹುಟ್ಟಿತು. 1947ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ನಾಗರಿಕರಿಗೂ ತೆರೆಯಿತು.

ಪರೀಕ್ಷೆಯೇನೋ ಬಂತು, ಓದಲೇ ತಡವರಿಸುವವರ ಗತಿ? ತಮ್ಮ ಸಿರಾಕ್ಯೂಸ್ ಸುತ್ತ 11,000 ಮಂದಿಗೆ ಓದು ಬಾರದೆಂಬುದನ್ನು 1961ರಲ್ಲಿ ಪತ್ರಿಕೆಯಲ್ಲಿ ಕಂಡ ಗೃಹಿಣಿ ರುತ್ ಕಾಲ್ವಿನ್, ಮರುವರ್ಷವೇ ಸ್ವಯಂಸೇವಕರ ಸಂಸ್ಥೆ ಕಟ್ಟಿದರು. ಮನೆಯ ನೆಲಮಾಳಿಗೆಯಲ್ಲೇ ಕೆಲಸ ಶುರು. ಒಬ್ಬ ಕಲಿಯುವವನಿಗೆ ಒಬ್ಬ ಕಲಿಸುವವನು, ಶುಲ್ಕವಿಲ್ಲ.

ಈ ಪದ್ಧತಿಗೆ ಇನ್ನೂ ಹಳೆಯ ಕಥೆಯೊಂದಿದೆ, ಅದನ್ನು ನಮ್ಮವರೂ ಮರೆತಿದ್ದಾರೆ. ಫಿಲಿಪ್ಪೀನ್ಸಿನ ಲಾನಾವೊದಲ್ಲಿ ಮರನಾವೊ ಮುಸ್ಲಿಮರಿಗೆ ಅಕ್ಷರ ಕಲಿಸುತ್ತಿದ್ದ ಫ್ರಾಂಕ್ ಲಾಬಾಕ್‌ಗೆ 1930ರ ದಶಕದ ಮುಗ್ಗಟ್ಟಿನಲ್ಲಿ ಹಣ ನಿಂತಿತು. ಕಲಿತವನು ಇನ್ನೊಬ್ಬನಿಗೆ ಕಲಿಸಲೇಬೇಕೆಂದು ಅಲ್ಲಿನ ಮುಖಂಡರೊಬ್ಬರು ಹಟ ಹಿಡಿದರು, ಪಾಠ ನಿಲ್ಲಲಿಲ್ಲ. ಲಾಬಾಕ್ ಮುಂದೆ ಭಾರತಕ್ಕೂ ಬಂದರು. ಅವರ ಸಂಸ್ಥೆಯೂ ಕಾಲ್ವಿನ್ ಸಂಸ್ಥೆಯೂ 2002ರಲ್ಲಿ ಒಂದಾದವು. ಕಾಲ್ವಿನ್ 2024ರಲ್ಲಿ, 107 ತುಂಬಿದ ಮೇಲೆ ತೀರಿಕೊಂಡರು.

2014ರಲ್ಲಿ ಜಿ.ಇ.ಡಿ. ಕಂಪ್ಯೂಟರಿಗೆ ಬದಲಾದಾಗ ಬೋಧಕರು ಬೀಜಗಣಿತದ ಜೊತೆ ಮೌಸ್ ಹಿಡಿಯುವುದನ್ನೂ ಕಲಿಸಬೇಕಾಯಿತು.