‘ಬೂರಿಷ್’ ಎಂಬ ಮಾತು

ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ಕಾಳಿ ನದಿ ಕಡಲನ್ನು ಸೇರುವುದು ಕಾಣುತ್ತದೆ. ಆಚೆಯ ದಡ ಕಾರವಾರ. 1638ರಲ್ಲಿ ಇಂಗ್ಲಿಷ್ ವರ್ತಕರು ಮೆಣಸನ್ನೂ ನವಿರಾದ ಬಟ್ಟೆಯನ್ನೂ ಅರಸಿ ಬಂದು ಅಲ್ಲಿ ಕೋಠಿ ತೆರೆದರು. ಅವರ ಭಾಷೆಯ ಒಂದು ಶಬ್ದವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಶಬ್ದ ‘ಬೂರಿಷ್’. ನಡೆನುಡಿ ತಿಳಿಯದ ಒರಟನಿಗೆ ಸಲ್ಲುವ ವಿಶೇಷಣ. ‘ರೂಡ್’ ಎಂದಾಗ ದೂಷಣೆ ಒಂದು ವರ್ತನೆಗೆ ಮಾತ್ರ ತಗಲಬಹುದು. ‘ಬೂರಿಷ್’ ಎಂದಾಗ ಮನುಷ್ಯನ ಹುಟ್ಟು ಬೆಳವಣಿಗೆಗಳನ್ನೇ ಹೀಗಳೆದಂತಾಗುತ್ತದೆ. ಏಕೆಂದರೆ ಇದರ ಮೂಲವಾದ ‘ಬೂರ್’ ಶಬ್ದಕ್ಕೆ ಮೊದಲಿದ್ದ ಅರ್ಥ ಒಕ್ಕಲಿಗ. ಡಚ್ಚರಲ್ಲಿ ‘ಬೂರ್’ ಎಂದರೆ ಇಂದಿಗೂ ರೈತನೇ. ನಮ್ಮ ಸಿನಿಮಾದ ‘ವಿಲನ್’ ಕೂಡ ಮೂಲತಃ ಒಬ್ಬ ಬಡ ಹಳ್ಳಿಗ. ಇದನ್ನು ಕೇಳಿ ನಾವು ನಗುವಂತಿಲ್ಲ. ನಗರದಿಂದ ‘ನಾಗರಿಕ’ನನ್ನೂ ಗ್ರಾಮದಿಂದ ‘ಗ್ರಾಮ್ಯ’ವನ್ನೂ ಪಡೆದವರು ನಾವು. ದಂಡಿಯ ‘ಕಾವ್ಯಾದರ್ಶ’ದಲ್ಲಿಯೇ ಗ್ರಾಮ್ಯತೆ ಒಂದು ದೋಷ.

ಆದರೆ ಚರಿತ್ರೆ ನಿಘಂಟಿನ ಮಾತನ್ನು ಒಪ್ಪುವುದಿಲ್ಲ. 1883ರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟದಲ್ಲಿ ಒಂದು ಸಂಗತಿಯುಂಟು. 1684ರಲ್ಲಿ ಸಣ್ಣ ಹಡಗೊಂದರ ನಾವಿಕರು ಹಸುವೊಂದನ್ನು ಕದ್ದು ಕೊಂದರು. ಅದರಿಂದ ಇಂಗ್ಲಿಷರು ಕಾರವಾರವನ್ನೇ ಬಿಡಬೇಕಾದ ಸ್ಥಿತಿ ಒದಗಿತು. ಬಂದ ಊರಿನ ಮರ್ಯಾದೆಯನ್ನು ಅಂದು ಮೀರಿದವರು ಹೊಲ ಉಳುವವರಲ್ಲ.

ಇನ್ನೊಂದು ಚಿತ್ರ ನಮ್ಮ ಕಾಲದ್ದು. 2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಶಾಲೆಯ ಓದಿಲ್ಲದೆ, ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಬದುಕು ಸವೆಸಿ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಿರಿಯ ಜೀವ ಅದು. ಸಭೆಗೆ ತಕ್ಕವರೇ ಸಭ್ಯರೆಂಬುದಾದರೆ, ಆ ಸಭೆಯಲ್ಲಿ ಅವರಷ್ಟು ಸಭ್ಯರು ಎಷ್ಟು ಮಂದಿ ಇದ್ದರು?

ಇದನ್ನು ಕೇಳುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಪಾಠ ಹೇಳುತ್ತಿದ್ದಾಗ ಅಂಕೋಲೆಯ ಕಡೆಯ ಹುಡುಗನೊಬ್ಬ ಪ್ರಬಂಧದಲ್ಲಿ ತನ್ನ ತಾಯಿ ಆಡಿದ ಮಾತನ್ನು ಆಡಿದಂತೆಯೇ ಬರೆದಿದ್ದ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಗ್ರಾಮ್ಯ’ ಎಂದು ಬರೆದುಕೊಟ್ಟೆ. ಅವನು ಏನೂ ಕೇಳಲಿಲ್ಲ. ಆ ವರ್ಷವೆಲ್ಲ ತರಗತಿಯಲ್ಲಿ ಬಾಯಿ ತೆರೆಯಲೂ ಇಲ್ಲ. ನಾನು ದೋಷವೆಂದದ್ದು ಅವನ ತಾಯಿಯ ನಾಲಿಗೆಯನ್ನು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಅಂದು ನಡತೆ ತಪ್ಪಿದವನು ಆ ಹುಡುಗನಲ್ಲ.