ಶ್ಯಾಲ್ ಸರಿಯೋ, ವಿಲ್ ಸರಿಯೋ: 370 ವರ್ಷದ ಹಳೇ ಜಗಳ

ಇವತ್ತು ರಾಜರ ಕಥೆ ಇಲ್ಲ, ಯುದ್ಧ ಇಲ್ಲ. ಎರಡು ಪುಟ್ಟ ಇಂಗ್ಲಿಷ್ ಪದಗಳ ಇತಿಹಾಸ. ಈ ಎರಡರಿಂದ ನಾನು ಎರಡು ಸಲ ಬೈಸಿಕೊಂಡಿದ್ದೇನೆ, ಅದಕ್ಕೇ ಈ ಆಸಕ್ತಿ.

ಮೊದಲನೇದು ಏಳನೇ ಕ್ಲಾಸಲ್ಲಿ. ‘ಐ ವಿಲ್ ಗೋ ಟು ಸ್ಕೂಲ್ ಟುಮಾರೋ’ ಅಂತ ಬರೆದಿದ್ದೆ. ಮೇಷ್ಟ್ರು ‘ವಿಲ್’ ಹೊಡೆದುಹಾಕಿ ಕೆಂಪು ಇಂಕಲ್ಲಿ ‘ಶ್ಯಾಲ್’ ಬರೆದರು. ‘ಐ’, ‘ವೀ’ ಬಂದರೆ ಶ್ಯಾಲ್, ಉಳಿದವರಿಗೆಲ್ಲ ವಿಲ್. ಯಾಕೆ ಸಾರ್ ಅಂದೆ. ರೂಲ್ ಕಣೋ ಅಂದರು. ಎರಡನೇದು ಪುಣೆಗೆ ಬಂದಮೇಲೆ. ಒಂದು ರಿಕ್ವೈರ್‌ಮೆಂಟ್ ಡಾಕ್ಯುಮೆಂಟಲ್ಲಿ ‘ದ ಸಿಸ್ಟಮ್ ವಿಲ್ ಸೆಂಡ್ ಆನ್ ಅಲರ್ಟ್’ ಅಂತ ಬರೆದೆ. ಕೆಲಸ ವಹಿಸಿಕೊಂಡಿದ್ದ ಕಂಪನಿ ಆ ಅಲರ್ಟ್ ಮಾಡಲೇ ಇಲ್ಲ. ಕೇಳಿದರೆ, ‘ವಿಲ್ ಅಂದರೆ ಬರೀ ಹೇಳಿಕೆ, ಕಡ್ಡಾಯ ಆಗಬೇಕಿದ್ದರೆ ಶ್ಯಾಲ್ ಬರೀಬೇಕಿತ್ತು’ ಅಂದರು. ಎರಡು ವೀಕೆಂಡ್ ಕೂತು ಅದನ್ನ ನಮ್ಮ ಟೀಮೇ ಬರೆಯಬೇಕಾಯ್ತು. ಎಂಟೆಕ್ ಮುಗಿಸಿದವನು ಏಳನೇ ಕ್ಲಾಸಿನ ಪಾಠದಲ್ಲೇ ಮತ್ತೆ ಫೇಲ್!

ಮೇಷ್ಟ್ರು ಹೇಳದೇ ಬಿಟ್ಟ ಆ ‘ಯಾಕೆ’ಗೆ ಉತ್ತರ ಹುಡುಕಿಕೊಂಡು ಹೊರಟಾಗ ಸಿಕ್ಕಿದ್ದು ಒಬ್ಬ ಗಣಿತಜ್ಞ.

ಜಾನ್ ವಾಲಿಸ್. ಹುಟ್ಟಿದ್ದು 1616ರಲ್ಲಿ, ಇಂಗ್ಲೆಂಡಿನ ದಕ್ಷಿಣದ ಕೆಂಟ್ ಪ್ರಾಂತ್ಯದಲ್ಲಿ. ಈ ‘ದಕ್ಷಿಣ’ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅಲ್ಲಿನ ಅಂತರ್ಯುದ್ಧದಲ್ಲಿ ರಾಜನ ಕಡೆಯವರ ಗೂಢಲಿಪಿ ಪತ್ರಗಳನ್ನ ಒಡೆದು ಪಾರ್ಲಿಮೆಂಟಿಗೆ ಓದಿಕೊಟ್ಟವನು. 1649ರಿಂದ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರೊಫೆಸರ್. ಎಂಟನ್ನ ಅಡ್ಡ ಮಲಗಿಸಿದ ಹಾಗಿರುವ ಅನಂತದ ಚಿಹ್ನೆ ಇದೆಯಲ್ಲ, ಅದನ್ನ 1655ರಲ್ಲಿ ಗಣಿತಕ್ಕೆ ತಂದವನೂ ಇವನೇ. ಅದಕ್ಕೆ ಎರಡು ವರ್ಷ ಮೊದಲು, 1653ರಲ್ಲಿ, ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ. ಬರೆದದ್ದು ಲ್ಯಾಟಿನ್ನಿನಲ್ಲಿ, ಇಂಗ್ಲಿಷ್ ಕಲಿಯಬೇಕೆನ್ನುವ ಪರದೇಶದವರಿಗಾಗಿ. ಅಂದರೆ ಇಂಗ್ಲಿಷರಿಗಲ್ಲ, ನಮ್ಮಂಥವರಿಗೆ.

ಅದರಲ್ಲಿ ಅವನು ಹಾಕಿದ ಲೆಕ್ಕ ಹೀಗೆ. ನನ್ನ ಬಗ್ಗೆ ಹೇಳುವಾಗ ‘ಶ್ಯಾಲ್’ ಅಂದರೆ ಬರೀ ಮುನ್ಸೂಚನೆ, ‘ವಿಲ್’ ಅಂದರೆ ಮಾತು ಕೊಡೋದು ಅಥವಾ ಬೆದರಿಕೆ ಹಾಕೋದು. ನಿನ್ನ, ಅವನ ಬಗ್ಗೆ ಹೇಳುವಾಗ ಇದೇ ತಿರುವುಮುರುವು: ‘ವಿಲ್’ ಮುನ್ಸೂಚನೆ, ‘ಶ್ಯಾಲ್’ ಮಾತು ಅಥವಾ ಬೆದರಿಕೆ. ನೋಡಿ, ಟ್ರೂತ್ ಟೇಬಲ್ ಥರ ಇದೆ. ಎರಡು ಇನ್‌ಪುಟ್, ಒಂದು ಔಟ್‌ಪುಟ್. ಗಣಿತದವನ ಕೈಗೆ ಭಾಷೆ ಸಿಕ್ಕರೆ ಹೀಗೇ ಆಗೋದು ಅನ್ನೋದು ನನ್ನ ಅನುಮಾನ. ನಾನೂ ಅದೇ ಜಾತಿಯವನಾದ್ದರಿಂದ ಹೇಳಬಹುದು.

ಆದರೆ ಅವನು ಪೂರ್ತಿ ಗಾಳಿಯಲ್ಲಿ ಗೋಪುರ ಕಟ್ಟಲಿಲ್ಲ. ಹಳೇ ಇಂಗ್ಲಿಷಿನಲ್ಲಿ ಭವಿಷ್ಯತ್ ಕಾಲಕ್ಕೆ ಬೇರೆ ರೂಪವೇ ಇರಲಿಲ್ಲ, ವರ್ತಮಾನದಲ್ಲೇ ಹೇಳಿ ಮುಗಿಸುತ್ತಿದ್ದರು. ಇದು ನಮಗೆ ವಿಚಿತ್ರ ಅನ್ನಿಸಬಾರದು. ‘ನಾಳೆ ಊರಿಗೆ ಹೋಗ್ತೀನಿ’ ಅಂತೀವಿ, ‘ದಿನಾ ಆಫೀಸಿಗೆ ಹೋಗ್ತೀನಿ’ ಅಂತಲೂ ಅಂತೀವಿ, ಕ್ರಿಯಾಪದ ಒಂದೇ. ‘ಹೋಗುವೆನು’ ಅಂತ ಫೋನಲ್ಲಿ ಅಮ್ಮನಿಗೆ ಹೇಳಿ ನೋಡಿ, ನಾಟಕದ ರಿಹರ್ಸಲ್ಲಾ ಅಂತ ಕೇಳ್ತಾರೆ. ಅಲ್ಲಿ ‘ಶ್ಯಾಲ್’ನ ಪೂರ್ವಜ ಪದಕ್ಕೆ ಋಣ ಇರೋದು, ಮಾಡಲೇಬೇಕಾಗಿರೋದು ಅಂತ ಅರ್ಥ. ‘ವಿಲ್’ನ ಪೂರ್ವಜಕ್ಕೆ ಇಷ್ಟಪಡೋದು, ಬಯಸೋದು ಅಂತ. ಆಸ್ತಿ ಯಾರಿಗೆ ಹೋಗಬೇಕು ಅನ್ನೋ ಇಚ್ಛೆಯನ್ನ ಬರೆದಿಡೋ ಪತ್ರಕ್ಕೂ ಅದಕ್ಕೇ ‘ವಿಲ್’ ಅಂತ ಹೆಸರು. ನಮ್ಮಲ್ಲಿ ಅದೇ ‘ಉಯಿಲು’ ಆಯ್ತು. ನಿಧಾನವಾಗಿ ಈ ಋಣವೂ ಆಸೆಯೂ ಸವೆದು ಬರೀ ‘ಮುಂದೆ ಆಗೋದು’ ಅಂತ ಉಳಿದವು. 14ನೇ ಶತಮಾನದ ಕೊನೆಗೆ ವಿಕ್ಲಿಫ್ ಹೆಸರಿನ ಬೈಬಲ್ ಅನುವಾದದಲ್ಲಿ ಲ್ಯಾಟಿನ್ನಿನ ಭವಿಷ್ಯತ್ ರೂಪಕ್ಕೆ ‘ಶ್ಯಾಲ್’ ಹಾಕಿದ್ದರು. ಮಾತಲ್ಲಿ ಮಾತ್ರ ‘ವಿಲ್’ ಬೆಳೀತಾ ಹೋಯ್ತು.

ವಾಲಿಸ್‌ನ ನಿಯಮವನ್ನ 18ನೇ ಶತಮಾನದ ವ್ಯಾಕರಣಕಾರರು ಕೈಯಿಂದ ಕೈಗೆ ದಾಟಿಸಿದರು. 1762ರಲ್ಲಿ ರಾಬರ್ಟ್ ಲೌತ್, 1795ರಲ್ಲಿ ಲಿಂಡ್ಲೆ ಮರ್ರೆ. ಮರ್ರೆಯ ಪುಸ್ತಕ ಶಾಲೆ ಶಾಲೆಗೆ ಹೋಯ್ತು. ಪರದೇಶದವರಿಗೆ ಅಂತ ಬರೆದ ಸೂತ್ರ ಇಂಗ್ಲಿಷ್ ಮಕ್ಕಳಿಗೇ ಪರೀಕ್ಷೆಯ ಪ್ರಶ್ನೆ ಆಯ್ತು.

ಸ್ಕಾಟ್ಲೆಂಡಿನವರು, ಐರ್ಲೆಂಡಿನವರು ಈ ನಿಯಮ ಪಾಲಿಸುತ್ತಲೇ ಇರಲಿಲ್ಲ. ಅವರನ್ನ ಆಡಿಕೊಳ್ಳೋಕೆ ಒಂದು ಜೋಕ್ ಹುಟ್ಟಿತು. ನೀರಿಗೆ ಬಿದ್ದ ಒಬ್ಬ ‘ಐ ವಿಲ್ ಡ್ರೌನ್, ನೋಬಡಿ ಶ್ಯಾಲ್ ಸೇವ್ ಮೀ’ ಅಂತ ಕೂಗಿದನಂತೆ. ನಿಯಮದ ಪ್ರಕಾರ ಅದರ ಅರ್ಥ ‘ಮುಳುಗೋಕೆ ನಿಶ್ಚಯ ಮಾಡಿದ್ದೇನೆ, ಯಾರೂ ಕಾಪಾಡಕೂಡದು’. ದಡದಲ್ಲಿದ್ದ ಸಭ್ಯ ಇಂಗ್ಲಿಷರು ಸುಮ್ಮನೆ ನಿಂತರು. ನಗು ಬರುತ್ತೆ, ಆಮೇಲೆ ಸ್ವಲ್ಪ ಚುಚ್ಚುತ್ತೆ. ಊರು ಬಿಟ್ಟು ಬಂದು ಬೇರೆಯವರ ಹಿಂದಿಗೋ ಮರಾಠಿಗೋ ಲಿಂಗ ತಪ್ಪಿ ನಗೆಪಾಟಲಾದ ಯಾರಿಗಾದರೂ ಈ ಜೋಕಿನ ದಡ ಗೊತ್ತಿರುತ್ತೆ.

1906ರಲ್ಲಿ ಫೌಲರ್ ಸಹೋದರರು ‘ದ ಕಿಂಗ್ಸ್ ಇಂಗ್ಲಿಷ್’ನಲ್ಲಿ ಗುಟ್ಟು ಬಿಟ್ಟುಕೊಟ್ಟರು. ದಕ್ಷಿಣ ಇಂಗ್ಲೆಂಡಿನವರಿಗೆ ಇದು ಹುಟ್ಟಿನಿಂದ ಬರುತ್ತೆ, ಉಳಿದವರು ಕಲಿಯೋದು ಹೆಚ್ಚುಕಡಿಮೆ ಅಸಾಧ್ಯ ಅಂತ ಹೇಳಿ, ಅದನ್ನೇ ಪುಟಗಟ್ಟಲೆ ಕಲಿಸೋಕೆ ಹೋದರು! ಅಂದರೆ ಇದು ಭಾಷೆಯ ನಿಯಮಕ್ಕಿಂತ ಹೆಚ್ಚಾಗಿ ಒಂದು ಪ್ರದೇಶದ, ಒಂದು ವರ್ಗದ ಗುರುತಿನ ಚೀಟಿ. 1925ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀಸ್ ವ್ಯಾಕರಣಗಳನ್ನೂ ನಾಟಕಗಳ ಸಂಭಾಷಣೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ನಿಯಮಕ್ಕೂ ಬಳಕೆಗೂ ತಾಳೆಯೇ ಇಲ್ಲ. 1940ರಲ್ಲಿ ಚರ್ಚಿಲ್ ಪಾರ್ಲಿಮೆಂಟಿನಲ್ಲಿ ‘ವೀ ಶ್ಯಾಲ್ ಫೈಟ್’ ಅಂದಿದ್ದನ್ನ ವಾಲಿಸ್ ಟೇಬಲ್ಲಿಗೆ ಹಾಕಿದರೆ ಬರೀ ಹವಾಮಾನ ವರದಿ ಆಗುತ್ತೆ. ಕೇಳಿದವರು ಹಾಗೆ ತಿಳಿದುಕೊಳ್ಳಲಿಲ್ಲ ಅನ್ನೋದು ಬೇರೆ ಮಾತು.

ನಮ್ಮ ಶಾಲೆಗಳಿಗೆ ಇದನ್ನ ತಲುಪಿಸಿದ್ದು ಬಹುಪಾಲು 1930ರ ದಶಕದ ರೆನ್ ಅಂಡ್ ಮಾರ್ಟಿನ್. ರೆನ್ ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. ಈಚಿನ ಪರಿಷ್ಕೃತ ಮುದ್ರಣಗಳು ಎಲ್ಲರಿಗೂ ‘ವಿಲ್’ ಬಳಸೋ ರೂಢಿಯನ್ನ ಒಪ್ಪಿಕೊಂಡಿವೆ. ನಮ್ಮ ಮೇಷ್ಟ್ರ ಕೈಯಲ್ಲಿದ್ದದ್ದು ಹಳೇ ಪ್ರತಿ ಇರಬೇಕು.

ಹಾಗಾದರೆ ನನ್ನ ಅಲರ್ಟ್ ಕಥೆ? ಕಾನೂನಿನಲ್ಲಿ, ಇಂಜಿನಿಯರಿಂಗಿನಲ್ಲಿ ‘ಶ್ಯಾಲ್’ ತನ್ನ ಹಳೇ ಋಣದ ಅರ್ಥವನ್ನ ಬಿಟ್ಟಿಲ್ಲ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದ ತುಂಬ ‘ಶ್ಯಾಲ್’. ಅಲ್ಲೂ ಗೊಂದಲ ತಪ್ಪಿಲ್ಲ. 320ನೇ ವಿಧಿಯಲ್ಲಿ ನೌಕರರ ಶಿಸ್ತುಕ್ರಮಕ್ಕೆ ಲೋಕಸೇವಾ ಆಯೋಗವನ್ನ ಕೇಳಬೇಕು ಅಂತ ‘ಶ್ಯಾಲ್’ ಹಾಕಿಯೇ ಬರೆದಿದೆ. ಉತ್ತರ ಪ್ರದೇಶದ ಒಬ್ಬ ನೌಕರನ ಪ್ರಕರಣದಲ್ಲಿ, 1957ರಲ್ಲಿ, ಸುಪ್ರೀಂ ಕೋರ್ಟು ಆ ‘ಶ್ಯಾಲ್’ ಕಡ್ಡಾಯವಲ್ಲ, ಕೇಳದೇ ಇದ್ದರೂ ಸರ್ಕಾರದ ಕ್ರಮ ರದ್ದಾಗೋದಿಲ್ಲ ಅಂತ ತೀರ್ಪು ಕೊಟ್ಟಿತು. ಒಂದು ಪದದ ಮೇಲೆ ಒಬ್ಬರ ಅನ್ನ ನಿಂತಿತ್ತು. ಅಮೆರಿಕದ ಸರ್ಕಾರಿ ಸರಳ ಭಾಷೆಯ ಮಾರ್ಗಸೂಚಿ ಈಗ ‘ಶ್ಯಾಲ್’ ಬಿಡಿ, ‘ಮಸ್ಟ್’ ಬರೀರಿ ಅನ್ನುತ್ತೆ. ಇಂಟರ್ನೆಟ್ ಮಾನದಂಡ ಬರೆಯೋರಿಗೆ 1997ರಲ್ಲಿ ಬಂದ ಆರ್‌ಎಫ್‌ಸಿ 2119 ‘ಮಸ್ಟ್’, ‘ಶ್ಯಾಲ್’ ಎರಡೂ ಒಂದೇ ಅಂತ ಮೊದಲೇ ಹೇಳಿಬಿಡುತ್ತೆ. ಆ ಪಟ್ಟಿಯಲ್ಲಿ ‘ವಿಲ್’ ಇಲ್ಲ. ನಾನು ಓದಬೇಕಾಗಿದ್ದದ್ದು ಅದನ್ನ.

ಮಾತಲ್ಲಿ, ಮೇಲ್‌ನಲ್ಲಿ ‘ಐ ವಿಲ್’ ಅನ್ನಿ, ಯಾವ ಹೆದರಿಕೆಯೂ ಬೇಡ. ಮೀಟಿಂಗಲ್ಲಿ ‘ಶ್ಯಾಲ್ ವೀ ಸ್ಟಾರ್ಟ್?’ ಚೆನ್ನಾಗೇ ಇದೆ. ಡಾಕ್ಯುಮೆಂಟಲ್ಲಿ ಮಾತ್ರ ಯಾವ ಪದಕ್ಕೆ ಯಾವ ತೂಕ ಅಂತ ಮೊದಲ ಪುಟದಲ್ಲೇ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ.

ಆ ಎರಡು ವೀಕೆಂಡ್ ಮುಗಿದ ಸೋಮವಾರ ಕೋಪದಲ್ಲಿ ನಾನು ಇಡೀ ಡಾಕ್ಯುಮೆಂಟಿಗೆ ಫೈಂಡ್ ಅಂಡ್ ರಿಪ್ಲೇಸ್ ಹೊಡೆದೆ, ‘ವಿಲ್’ ಇದ್ದಲ್ಲೆಲ್ಲ ‘ಶ್ಯಾಲ್’. ಮೂರು ದಿನ ಆದಮೇಲೆ ಟೆಸ್ಟಿಂಗ್ ಹುಡುಗಿ ಮೆಸೇಜ್ ಮಾಡಿದಳು: ‘ಸಾರ್, 14ನೇ ಪುಟದಲ್ಲಿ ದ ಯೂಸರ್ ಶ್ಯಾಲ್ ಫರ್ಗೆಟ್ ದ ಪಾಸ್‌ವರ್ಡ್ ಅಂತಿದೆ. ಇದನ್ನ ಹೇಗೆ ಟೆಸ್ಟ್ ಮಾಡಲಿ?’